ಗಾಳಿಯಾಡದ ಬಚ್ಚಲು, ಉರಿಯದ ಗೀಜರ್

ಕೆಟ್ಟು ನಿಂತ ಯಂತ್ರಕ್ಕೂ ಸರ್ಕಾರಿ ಕಡತಕ್ಕೂ ಏನೇನೂ ವ್ಯತ್ಯಾಸವಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಎರಡೂ ಎಲ್ಲೋ ಒಂದು ಕಡೆ ಸಿಕ್ಕಿಕೊಂಡು ನಿಂತಿರುತ್ತವೆ. ಎಲ್ಲಿ ಎಂದು ಪತ್ತೆ ಹಚ್ಚಿ ಒಂದೇಟು ತಟ್ಟಿದರೆ ಮುಂದಕ್ಕೆ ಹೋಗುತ್ತವೆ. ಹೊಸದುರ್ಗದ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತನಾಗಿರುವ ನಾನು, ಈ ಅನುಭವದ ಬಲದ ಮೇಲೆ ನಮ್ಮ ಮನೆಯ ಮಿಕ್ಸಿ, ಫ್ಯಾನು, ನಲ್ಲಿ ಯಾವುದಕ್ಕೂ ಹೊರಗಿನವರ ಕೈ ಸೋಕಿಸಿದವನಲ್ಲ. ಮಿಕ್ಸಿ ಈಗ ಇಲ್ಲ. ಫ್ಯಾನು ಇದೆ, ಆದರೆ ಅದನ್ನು ಹಾಕಿದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ನಲ್ಲಿಯ ವಿಷಯ ಇನ್ನೂ ಪರಿಶೀಲನೆಯಲ್ಲಿದೆ.

ಇಂಥ ನಾನು ಎರಡು ವರ್ಷದ ಹಿಂದೆ ಬಚ್ಚಲುಮನೆಯ ಸೌದೆ ಒಲೆಯನ್ನು ಕೆಡವಿಸಿ, ಅದರ ಮೇಲಿದ್ದ ತಾಮ್ರದ ಹಂಡೆಯನ್ನು ಹಿತ್ತಲಿಗೆ ಗಡಿಪಾರು ಮಾಡಿ, ಗ್ಯಾಸ್ ಗೀಜರ್ ಹಾಕಿಸಿದೆ. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಎಂದು ಕಿಡಿ ಹಾರಿ, ಭಗ್ ಎಂದು ಹೊತ್ತಿಕೊಂಡು, ಹತ್ತು ಎಣಿಸುವುದರೊಳಗೆ ಬಿಸಿನೀರು! ಹಾಕಲು ಬಂದವನು, "ಹೊರಗಿನ ಗೋಡೆಗೆ ಹಾಕ್ತೀನಿ ಸಾರ್, ನೀರಿನ ಪೈಪ್ ಮಾತ್ರ ಒಳಗೆ ಬರ್ಲಿ" ಎಂದ. ನಾನು ಒಪ್ಪಲಿಲ್ಲ. ಹಿತ್ತಲ ಗೋಡೆಗೆ ಹಾಕಿದರೆ ಬಂದ ನೆಂಟರ ಕಣ್ಣಿಗೆ ಬೀಳುವುದು ಹೇಗೆ? ಬಚ್ಚಲೊಳಗೇ, ಬಾಗಿಲು ತೆರೆದರೆ ಎದುರಿಗೇ ಕಾಣುವ ಹಾಗೆ ಹಾಕಿಸಿದೆ. ಜೊತೆಗೆ ಅವನು ಕೊಟ್ಟ ಪುಸ್ತಕವನ್ನು ತೂತು ಹೊಡೆದು, ದಾರ ಕಟ್ಟಿ, ಕಡತಕ್ಕೆ ಸೇರಿಸಿ, ಬೀರುವಿನಲ್ಲಿ ಇಟ್ಟೆ. ಓದಿದಿರಾ ಎಂದು ಕೇಳಬೇಡಿ. ಕಡತ ಇಡುವುದು ಒಂದು ಕೆಲಸ, ಓದುವುದು ಇನ್ನೊಂದು. ಎರಡನ್ನೂ ಒಬ್ಬನೇ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ಎರಡು ವರ್ಷ ಗೀಜರ್ ಒಂದು ದಿನವೂ ತಕರಾರು ಮಾಡಲಿಲ್ಲ. ಅದು ತಕರಾರು ತೆಗೆದದ್ದು ನನ್ನ ಮಗಳ ಬಾಣಂತನದಲ್ಲಿ.

ಹಿರಿಯೂರಿಗೆ ಕೊಟ್ಟಿದ್ದ ನಮ್ಮ ಮಗಳು ಸುಮಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು. ಅವಳು ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ, ಬಾಣಂತನ ಮಾಡಲು ತಾಳ್ಯದಿಂದ ನಮ್ಮತ್ತೆ ಹಾಲಮ್ಮನವರು ಎರಡು ಚೀಲ ಸಾಮಾನಿನೊಂದಿಗೆ ಬಂದಿಳಿದರು. ಒಣಕೊಬ್ಬರಿ, ಬೆಳ್ಳುಳ್ಳಿ, ಹರಳೆಣ್ಣೆ, ಸಾಂಬ್ರಾಣಿ, ಏನುಂಟು ಏನಿಲ್ಲ! ಎಪ್ಪತ್ತು ದಾಟಿದ ಜೀವ. ಊರಿನ ಅದೆಷ್ಟೋ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕಿದ ಕೈ. ಅವರ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಹಳೇ ಕಾಲದ ಮರ್ಯಾದೆಯಂತೆ ಅವರು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ನಾನು ಮೂಗಿನ ಮುಂದೆ ನಿಂತಿದ್ದರೂ ಸರಿಯೇ, ನನಗೆ ಹೇಳುವ ಮಾತನ್ನು ನನ್ನ ಹೆಂಡತಿ ಗಿರಿಜಾಳಿಗೆ ಹೇಳುತ್ತಾರೆ. ಎಲ್ಲವೂ ಸೂಕ್ತ ಮಾರ್ಗದ ಮೂಲಕವೇ ಬರಬೇಕು. ಮದುವೆಯಾದ ಇಪ್ಪತ್ತೇಳು ವರ್ಷದಿಂದಲೂ ಇದೇ ವ್ಯವಸ್ಥೆ.

ಬಂದವರೇ ಬಚ್ಚಲುಮನೆಯ ತನಿಖೆಗೆ ಇಳಿದರು. ನಾನೂ ಹಿಂದೆ ನಿಂತೆ. ಗೀಜರನ್ನು ಮೇಲಿಂದ ಕೆಳಗೆ ನೋಡಿ ಮುಖ ಗಂಟಿಕ್ಕಿದರು.

"ಗಿರಿಜಾ, ಹಂಡೆ ಇದ್ದ ಜಾಗದಾಗೆ ಈ ಡಬ್ಬಿ ಯಾತಕ್ಕೆ ಬಂತೆ? ಬಾಣಂತಿಗೆ ನೀರು ಹಾಕೋದು ಅಂದ್ರೆ ಆಟ ಆತೇನು?"

"ಇಪ್ಪತ್ತು ಬಾಣಂತಿಯರಿಗೆ ಸಾಕಾಗುವಷ್ಟು ನೀರು ಕೊಡುತ್ತೆ ಅಂತ ಹೇಳು" ಎಂದೆ ನಾನು ಗಿರಿಜಾಳಿಗೆ.

"ಒಬ್ಬಳಿಗೆ ಕೊಟ್ರೆ ಸಾಕು ಅಂತ ಹೇಳು" ಎಂದರು ಅತ್ತೆ.

ಗಿರಿಜಾ ಯಾರಿಗೂ ಏನೂ ಹೇಳಲಿಲ್ಲ. ಅತ್ತೆಯ ಕಣ್ಣು ಕಿಟಕಿಗೆ ಹೋಯಿತು. ನಮ್ಮ ಮನೆ ಇರುವುದು ಊರ ಅಂಚಿಗೆ. ಬಚ್ಚಲ ಕಿಟಕಿ ಹಿಂದಿನ ತೆಂಗಿನ ತೋಟಕ್ಕೆ ತೆರೆಯುತ್ತದೆ. ಕಿಟಕಿಯ ಪಕ್ಕದಲ್ಲಿ ಒಂದು ದುಂಡನೆಯ ತೂತು. ಮನೆ ಕಟ್ಟಿಸುವಾಗ ಹೊಗೆ ಎಳೆಯುವ ಫ್ಯಾನ್ ಹಾಕಿಸಬೇಕೆಂದು ಬಿಡಿಸಿದ್ದು; ಫ್ಯಾನ್ ಇನ್ನೂ ಬಂದಿಲ್ಲ.

"ಗಿರಿಜಾ, ಅಳಿಯಂದಿರಿಗೆ ಹೇಳವ್ವ. ಬಾಣಂತಿ ಬಚ್ಚಲಾಗೆ ಒಂದೆಳೆ ಗಾಳಿ ಆಡಂಗಿಲ್ಲ. ಕಿಟಕಿ ನೋಡಿದ್ರೆ ಅಷ್ಟಗಲ ಬಾಯಿ ತಕ್ಕಂಡು ನಿಂತೈತೆ. ತೋಟದ ಥಂಡಿ ಸೀದಾ ಬಂದು ಹಸಿ ಮೈಗೆ ಹೊಡಿತೈತೆ. ನಾಳೆ ಹೊತ್ತಾರೆಗೆ ಬಂದೋಬಸ್ತ್ ಆಗ್ಬೇಕು."

ಬಂದೋಬಸ್ತ್! ಈ ಪದ ಕಿವಿಗೆ ಬಿದ್ದರೆ ನನ್ನೊಳಗಿನ ನೌಕರ ಎದ್ದು ನಿಲ್ಲುತ್ತಾನೆ. ಆ ಸಂಜೆಯೇ ಕೆಲಸಕ್ಕೆ ಕೈ ಹಾಕಿದೆ. ಮೊದಲು ಕಿಟಕಿಯ ಗಾಜಿನ ಪಟ್ಟಿಗಳನ್ನು ಮುಚ್ಚಿದೆ. ಅದರ ಮೇಲೆ ಸಿಮೆಂಟ್ ಚೀಲ. ಚೀಲದ ಮೇಲೆ ಪ್ಲಾಸ್ಟಿಕ್ ಹಾಳೆ. ಹಾಳೆಯ ನಾಲ್ಕೂ ಅಂಚಿಗೆ ಅಂಗೈ ಅಗಲದ ಟೇಪು. ಅದರ ಮೇಲೆ ಹಳೇ ಕಂಬಳಿಯನ್ನು ಮಡಿಸಿ ಮೊಳೆ ಹೊಡೆದೆ. ದುಂಡನೆಯ ತೂತಿಗೆ ಗೋಣಿತಾಟು ತುರುಕಿ, ಮೇಲೆ ರಟ್ಟು ಅಂಟಿಸಿದೆ. ಬಾಗಿಲ ಕೆಳಗಿನ ಸಂದಿಗೆ ಪಂಚೆ ಸುತ್ತಿ ದಿಂಡು ಮಾಡಿದೆ. ಆಮೇಲೆ ಬಾಗಿಲು ಹಾಕಿಕೊಂಡು, ಊದುಬತ್ತಿ ಹಚ್ಚಿ ನಡುವೆ ಹಿಡಿದು ಪರೀಕ್ಷೆ ಮಾಡಿದೆ. ಹೊಗೆ ಗೆರೆ ಎಳೆದ ಹಾಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಒಂದಿಷ್ಟಾದರೂ ಅಲುಗಾಡಬೇಕೇ? ಇಲ್ಲ!

ಅತ್ತೆ ಬಂದು ನೋಡಿದರು. ಕಂಬಳಿಯನ್ನು ಒತ್ತಿ ನೋಡಿದರು. ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿದರು.

"ಗಿರಿಜಾ, ಅಳಿಯಂದಿರು ಪರವಾಗಿಲ್ಲ ಕಣೆ" ಎಂದರು.

ಇಪ್ಪತ್ತೇಳು ವರ್ಷದ ಅಳಿಯತನದ ಸೇವೆಯಲ್ಲಿ ನನಗೆ ಸಿಕ್ಕ ಮೊದಲ ಪ್ರಶಂಸಾಪತ್ರ ಅದು. ಊಟಕ್ಕೆ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ಸ್ನಾನ. ಅತ್ತೆ ಒಳಗೆ ಮಣೆ ಹಾಕಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿ ಹೊರಗೆ ಕೊಟ್ಟರು. ಗಿರಿಜಾ ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದಳು. ಆಮೇಲೆ ಸುಮಾಳ ಸರದಿ. ಬಾಗಿಲು ಹಾಕಿಕೊಂಡರು. ನಾನು ಹೊರಗೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಐದು ನಿಮಿಷ ಆಗಿರಬಹುದು. ಒಳಗಿನಿಂದ ಒಂದು ಕೂಗು.

"ಅಯ್ಯಯ್ಯೋ, ತಣ್ಣೀರು! ಬಾಣಂತಿ ತಲೆ ಮ್ಯಾಲೆ ತಣ್ಣೀರು ಬಂತಲ್ಲೇ ಗಿರಿಜಾ!"

ಗೀಜರ್ ಆರಿತ್ತು. ಸುಮಾ ಮೈತುಂಬಾ ಹೊದ್ದುಕೊಂಡು ನಡುಗುತ್ತಾ ಹೊರಬಂದಳು. ಗಿರಿಜಾ ಅಡುಗೆಮನೆಗೆ ಓಡಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟಳು. ನಾನು ಬಚ್ಚಲೊಳಗೆ ಹೋಗಿ, ಬಾಗಿಲು ತೆರೆದಿಟ್ಟುಕೊಂಡು ನಲ್ಲಿ ತಿರುಗಿಸಿದೆ. ಟಿಕ್ ಟಿಕ್, ಭಗ್! ಬೆಂಕಿ ಹೊತ್ತಿತು. ಹತ್ತು ನಿಮಿಷ ಕೈಕಟ್ಟಿ ನಿಂತೆ. ಸುಡುಸುಡು ನೀರು, ಏನೂ ದೋಷವಿಲ್ಲ. "ಉರೀತಾ ಐತಲ್ಲ!" ಎಂದು ಹೊರಬಂದೆ. ಅತ್ತೆ ಸುಮಾಳನ್ನು ಮತ್ತೆ ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಐದೇ ನಿಮಿಷ. ಆರಿತು!

ನಾನು ಹೋದರೆ ಉರಿಯುತ್ತದೆ, ಅವರು ಹೋದರೆ ಆರುತ್ತದೆ. ಮೇಲಧಿಕಾರಿ ಎದುರಿಗೆ ಇದ್ದಾಗ ಮಾತ್ರ ಕೆಲಸ ಮಾಡುವವರನ್ನು ನಾನು ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಗೀಜರ್ ನನಗೆ ಹೆದರುತ್ತಿದೆ ಎಂದು ತೀರ್ಮಾನಿಸಿದೆ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

"ಗಿರಿಜಾ, ಹಂಡೆ ಒಂದು ದಿನಾನಾದ್ರೂ ಹಿಂಗ್ ಮಾಡಿತ್ತೇನು ಅಂತ ಕೇಳು" ಎಂದರು ಅತ್ತೆ.

"ನಾಳೆಯೊಳಗೆ ಸರಿ ಮಾಡಿಕೊಡುತ್ತೇನೆ ಅಂತ ಹೇಳು" ಎಂದೆ.

ಎರಡನೇ ದಿನ ನನ್ನ ಅನುಮಾನ ಸೆಲ್ಲಿನ ಮೇಲೆ ಹೋಯಿತು. ಗೀಜರಿನ ಕಿಡಿಗೆ ಎರಡು ದಪ್ಪ ಸೆಲ್ಲು ಬೇಕು. ಪೇಟೆಗೆ ಹೋಗಿ ಹೊಸ ಸೆಲ್ಲು ತಂದು ಹಾಕಿದೆ. ಟಿಕ್ ಎನ್ನುವ ಸದ್ದೂ ನಿಂತುಹೋಯಿತು! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಉಲ್ಟಾ ಹಾಕಿದ್ದೇನೆಂದು ತಿಳಿಯಿತು. ತಿರುಗಿಸಿ ಹಾಕಿದೆ. ಬಾಗಿಲು ಹಾಕಿಕೊಂಡರು. ಐದು ನಿಮಿಷಕ್ಕೆ ಆರಿತು.

ಹಾಗಾದರೆ ಸಿಲಿಂಡರಿನದೇ ದೋಷ. ಅಡುಗೆಮನೆಯ ಸಿಲಿಂಡರನ್ನು ಬಿಚ್ಚಿ ಉರುಳಿಸಿಕೊಂಡು ಹೊರಟೆ. ಹಿಂದಿನಿಂದ ಗಿರಿಜಾಳ ದನಿ ಬಂತು.

"ರೀ, ರೊಟ್ಟಿ ಅರ್ಧ ಬೆಂದೈತೆ ಕಣ್ರೀ!"

"ದೇಶ ಮುಖ್ಯವೋ ರೊಟ್ಟಿ ಮುಖ್ಯವೋ?"

"ಬಚ್ಚಲು ಯಾವಾಗ ದೇಶ ಆತ್ರೀ?"

ಸಿಲಿಂಡರ್ ಬದಲಾಯಿಸಿದೆ. ಐದು ನಿಮಿಷಕ್ಕೆ ಆರಿತು. ಆ ದಿನ ಮನೆಮಂದಿಯೆಲ್ಲಾ ಅರ್ಧ ಬೆಂದ ರೊಟ್ಟಿ ತಿಂದೆವು.

ಮೂರನೇ ದಿನ ನೀರಿನ ತನಿಖೆ. ನಮ್ಮ ಬೋರಿನ ನೀರು ಸವಳು. ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಗೀಜರಿಗೆ ನೀರು ಹೋಗುವ ಕಡೆ ಇರುವ ಜಾಲರಿ ಕಟ್ಟಿರಬೇಕೆಂದು ಊಹಿಸಿದೆ. ಊಹೆ ತಪ್ಪಿರಲಿಲ್ಲ, ನಿಜಕ್ಕೂ ಒಂದಿಷ್ಟು ಕಟ್ಟಿತ್ತು. ತಪ್ಪಿದ್ದು ಬೇರೆ ಕಡೆ. ನಟ್ಟು ಬಿಚ್ಚುವ ಮೊದಲು ನೀರಿನ ವಾಲ್ವ್ ಮುಚ್ಚಬೇಕಂತೆ! ಮೇಲಿನ ಟ್ಯಾಂಕಿನ ಅರ್ಧ ನೀರು ನನ್ನ ಮುಖಕ್ಕೆ ನುಗ್ಗಿತು. ಬಾಣಂತಿಗೆ ಆಗದಿದ್ದ ಸ್ನಾನ ನನಗೆ ಆಯಿತು.

ನಟ್ಟನ್ನು ಹೇಗೋ ಬಿಗಿದು, ಒದ್ದೆ ಬಟ್ಟೆಯಲ್ಲೇ ಗೀಜರಿನ ಮುಂದಿನ ಮುಚ್ಚಳವನ್ನೂ ಬಿಚ್ಚಿ, ಉರಿ ಹಚ್ಚಿ ಬಗ್ಗಿ ನೋಡಿದೆ. ಒಳಗೆ ಮಸಿ ಹಿಡಿದಿತ್ತು. ಎರಡು ವರ್ಷ ನೀಲಿಯಾಗಿ ಉರಿಯುತ್ತಿದ್ದದ್ದು ಈಗ ಹಳದಿಯಾಗಿ ಉರಿಯುತ್ತಿತ್ತು. ಹಳದಿ ಮಂಗಳಕರವಾದ ಬಣ್ಣ. ಮನೆಯಲ್ಲಿ ಬಾಣಂತಿ ಇದ್ದಾಳೆ. ಒಳ್ಳೆಯದೇ ಆಯಿತು ಎಂದುಕೊಂಡು ಮುಚ್ಚಳ ಹಾಕಿದೆ!

ಈ ನಡುವೆ ಇನ್ನೊಂದು ವಿಚಿತ್ರ ಶುರುವಾಗಿತ್ತು. ಬಚ್ಚಲಿನಿಂದ ಬಂದ ಕೂಡಲೇ ಸುಮಾ, "ಅಪ್ಪಾಜಿ, ತಲೆ ಸಿಡಿತೈತೆ" ಎಂದು ಮಲಗುತ್ತಿದ್ದಳು. ಅತ್ತೆಗೆ ತಲೆ ಸುತ್ತಿ ಬಂದು ಒಂದು ದಿನ ಗೋಡೆ ಹಿಡಿದು ಕೂತುಬಿಟ್ಟರು. ಬಾಣಂತಿಯ ನಿಶ್ಶಕ್ತಿ ಎಂದಳು ಗಿರಿಜಾ. ವಯಸ್ಸಾಯಿತು ಎಂದೆ ನಾನು, ಗಿರಿಜಾಳ ಕಿವಿಯಲ್ಲಿ. ದೃಷ್ಟಿಯಾಗಿದೆ ಎಂದರು ಅತ್ತೆ. ಕೊನೆಗೆ ಅತ್ತೆಯ ಮಾತೇ ಗೆದ್ದಿತು. ಉಪ್ಪು, ಮೆಣಸಿನಕಾಯಿ ನೀವಾಳಿಸಿ ಸುಟ್ಟರು. ಘಾಟೇ ಬರಲಿಲ್ಲ! ಘಾಟು ಬರದಿದ್ದರೆ ಭಾರೀ ದೃಷ್ಟಿ ಎಂದು ಅರ್ಥವಂತೆ. ಯಾರ ಕಣ್ಣಿರಬಹುದೆಂದು ಬೀದಿಯ ಒಬ್ಬೊಬ್ಬರ ಹೆಸರೂ ಚರ್ಚೆಗೆ ಬಂದು ಹೋಯಿತು. ಗೀಜರ್ ಪರೀಕ್ಷೆ ಮಾಡಿ ಬಂದಾಗಲೆಲ್ಲಾ ನನಗೂ ತಲೆನೋವು ಬರುತ್ತಿತ್ತು. ಆದರೆ ಅತ್ತೆ ಮನೆಯಲ್ಲಿದ್ದಾಗ ನನಗೆ ತಲೆನೋವು ಬರುವುದು ವಾಡಿಕೆಯಾದ್ದರಿಂದ ಅದಕ್ಕೆ ವಿಶೇಷ ಗಮನ ಕೊಡಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಮೊಬೈಲಿನಲ್ಲಿ ನನಗೆ ಜ್ಞಾನೋದಯವಾಯಿತು. ಯಾರೋ ಒಬ್ಬರು ವಿಡಿಯೊದಲ್ಲಿ ಗೀಜರ್ ಬಿಚ್ಚಿ ತೋರಿಸುತ್ತಿದ್ದರು. "ನಿಮ್ಮ ಗೀಜರ್ ಐದು ನಿಮಿಷಕ್ಕೆ ಆಫ್ ಆಗುತ್ತಾ? ಈ ಸಣ್ಣ ಸೆನ್ಸರಿನ ಕಿತಾಪತಿ ಅದು. ಈ ಎರಡು ವೈರ್ ಕತ್ತರಿಸಿ, ಒಂದಕ್ಕೊಂದು ಕೂಡಿಸಿ, ಟೇಪ್ ಸುತ್ತಿಬಿಡಿ. ಆಮೇಲೆ ಎಷ್ಟು ಹೊತ್ತಾದರೂ ನಿಲ್ಲುವುದಿಲ್ಲ!"

ನನಗೆ ಎಲ್ಲವೂ ಸ್ಪಷ್ಟವಾಯಿತು. ಎಲ್ಲ ಕಚೇರಿಯಲ್ಲೂ ಇಂಥ ಒಬ್ಬ ಇರುತ್ತಾನೆ. ಸರಾಗವಾಗಿ ಹೋಗುತ್ತಿರುವ ಕಡತಕ್ಕೆ ಸುಮ್ಮನೆ ಒಂದು ಆಕ್ಷೇಪಣೆ ಬರೆದು ತಡೆದು ಕೂರುವವನು. ಅವನನ್ನು ಬದಿಗೆ ಸರಿಸಿದರೆ ಎಲ್ಲವೂ ಓಡುತ್ತದೆ. ಕಟಿಂಗ್ ಪ್ಲೇಯರ್ ಒಂದು ಕೈಯಲ್ಲಿ, ಕರಿ ಟೇಪು ಇನ್ನೊಂದು ಕೈಯಲ್ಲಿ ಹಿಡಿದು ಬಚ್ಚಲಿನತ್ತ ಹೊರಟೆ. ಗಿರಿಜಾ ಅಡ್ಡ ಬಂದಳು.

"ಏನ್ರೀ ಅದು ಕೈಯಾಗೆ?"

"ಕಟಿಂಗ್ ಪ್ಲೇಯರ್."

"ಅದು ಕಾಣ್ತೈತೆ. ಏನ್ ಕತ್ತರಿಸಾಕೆ ಹೊಂಟೀರಿ ಅಂತ ಕೇಳಿದ್ದು."

ವಿವರಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಇಪ್ಪತ್ತೇಳು ವರ್ಷದಲ್ಲಿ ನಾನು ರಿಪೇರಿ ಮಾಡಿದ್ದೆಲ್ಲಾ ಅವಳ ಕಣ್ಣ ಮುಂದೆ ಒಂದೊಂದಾಗಿ ಹಾದುಹೋಗಿರಬೇಕು.

"ಈಗ್ಲೇ ಬ್ಯಾಡ. ಕೂಸು ಈಗಿನ್ನೂ ಕಣ್ ಮುಚ್ಚೈತೆ, ಸದ್ದಿಗೆ ಎದ್ದುಬಿಡ್ತೈತೆ. ಅರ್ಧ ಗಂಟೆ ತಡೀರಿ, ಕಾಫಿ ಮಾಡ್ತೀನಿ" ಎಂದಳು.

ಕಾಫಿ ಕುಡಿಯುತ್ತಾ ಕೂತೆ. ಅವಳು ಹಿತ್ತಲಿಗೆ ಹೋಗಿ ಫೋನ್ ಮಾಡಿದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಬಾಗಿಲಲ್ಲಿ ಮೊಪೆಡ್ ನಿಂತಾಗ. ದಸ್ತಗೀರ್ ಸಾಬರು ಬಂದಿದ್ದರು. ಅವರದು ಈ ಊರಿನಲ್ಲಿ ತಲೆಮಾರುಗಳಿಂದ ನೆಲೆನಿಂತ ಮನೆತನ. ತಾತ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು, ತಂದೆ ಸೀಮೆಎಣ್ಣೆ ಸ್ಟೌ ರಿಪೇರಿ ಮಾಡುತ್ತಿದ್ದರು, ಇವರು ಗ್ಯಾಸ್ ಒಲೆ, ಗೀಜರ್ ನೋಡುತ್ತಾರೆ. ಅವರನ್ನು ಕಂಡು ನನಗೆ ಸಿಟ್ಟೇ ಬಂತು. ಇಷ್ಟು ದೂರ ತಂದ ಕೇಸನ್ನು ಕೊನೇ ಗಳಿಗೆಯಲ್ಲಿ ಬೇರೆಯವರಿಗೆ ವಹಿಸುವುದೇ?

"ಬರ್ರಿ ಸಾಬರೇ. ಎಲ್ಲಾ ಪತ್ತೆ ಹಚ್ಚಿದ್ದೇನೆ. ಎರಡು ವೈರ್ ಕೂಡಿಸುವುದೊಂದೇ ಬಾಕಿ" ಎಂದೆ.

ಅವರು ಬಚ್ಚಲ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ ನಿಂತರು. ಗೀಜರಿನ ಕಡೆ ನೋಡಲೇ ಇಲ್ಲ. ನೋಡಿದ್ದು ಗೋಡೆಯ ಕಡೆ, ಕಂಬಳಿಯ ಕಡೆ, ಗೋಣಿತಾಟಿನ ಕಡೆ. ಸೀದಾ ಹೋಗಿ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದರು.

"ಅಮ್ಮಾ, ಕೂಸು ಎಲ್ಲೈತೆ?"

"ರೂಮಿನಾಗೆ, ಮಲಗೈತೆ" ಎಂದಳು ಗಿರಿಜಾ.

"ಬಾಣಂತಿಗೆ, ನಿಮಗೆ, ಯಾರಿಗಾದ್ರೂ ತಲೆನೋವು, ತಲೆ ಸುತ್ತು ಏನಾದ್ರೂ ಬಂದಿತ್ತಾ?"

"ಎಲ್ರಿಗೂ ಬಂದೈತೆ. ಭಾರೀ ದೃಷ್ಟಿ ಆಗೈತಂತೆ ಸಾಬರೇ."

ದಸ್ತಗೀರ್ ಸಾಬರು ಕಂಬಳಿಯತ್ತ ಬೆರಳು ತೋರಿಸಿದರು. "ಈ ಕಿಟಕಿ ಹಿಂಗೆ ಮುಚ್ಚಿದ್ದು ಯಾರು?"

"ನಾನೇ!" ಎಂದೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. "ಒಟ್ಟು ಐದು ಪದರ. ಒಳಗೆ ಸಿಮೆಂಟ್ ಚೀಲ, ಅದರ ಮೇಲೆ ಪ್ಲಾಸ್ಟಿಕ್. ಊದುಬತ್ತಿ ಹಿಡಿದು ಟೆಸ್ಟ್ ಮಾಡಿದ್ದೇನೆ. ಒಂದೆಳೆ ಗಾಳಿ ಬರಲ್ಲ. ಬೇಕಾದರೆ ನೀವೇ ಬಾಗಿಲು ಹಾಕಿಕೊಂಡು ನೋಡಿ!"

ಸಾಬರು ಒಳಗೆ ಹೋಗಿ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಮೊಳೆಗಳು ಟಣ್ ಟಣ್ ಎಂದು ನೆಲಕ್ಕೆ ಬಿದ್ದವು. ಪ್ಲಾಸ್ಟಿಕ್ ಹರಿದರು, ಚೀಲ ಕಿತ್ತರು, ತಾಟು ಎಳೆದರು. ತೋಟದ ತಣ್ಣನೆ ಗಾಳಿ ಒಳಗೆ ನುಗ್ಗಿತು. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

"ಸಾರ್, ಬೆಂಕಿಗೂ ಗಾಳಿ ಬೇಕು, ಮನುಷ್ಯರಿಗೂ ಬೇಕು. ಇಷ್ಟು ಸಣ್ಣ ಬಚ್ಚಲಾಗೆ ಇದ್ದ ಗಾಳಿನ ಮಗಳು, ಅಮ್ಮಾರು, ಗೀಜರು ಎಲ್ಲಾ ಹಂಚ್ಕಂಡಾವೆ. ಗಾಳಿ ಸಾಲದೇ ಇದ್ರೆ ಉರಿ ಹಳದಿ ಆಗತೈತೆ. ಹಳದಿ ಉರಿ ವಿಷದ ಗಾಳಿ ಬಿಡ್ತೈತೆ. ಅದಕ್ಕೆ ವಾಸನೆ ಇಲ್ಲ, ಹೊಗೆ ಇಲ್ಲ. ಮೊದ್ಲು ತಲೆ ನೋಯ್ತೈತೆ. ಆಮೇಲೆ ನಿದ್ದೆ ಬಂದಂಗೆ ಆಗತೈತೆ. ಆಮೇಲೆ ಎಬ್ಬಿಸಿದ್ರೆ ಏಳಲ್ಲ."



"ಹಾಗಾದರೆ, ಗೀಜರಿಗೆ ಏನಾಗಿದೆ?" ಎಂದೆ.

"ಗೀಜರಿಗೆ ಏನೂ ಆಗಿಲ್ಲ ಸಾರ್. ಗಾಳಿ ಕಮ್ಮಿ ಆತು ಅಂತ ತಿಳ್ಕಂಡು ತಾನೇ ಆರ್ತಿತ್ತು. ಆಗ ನೀವು ಬಾಗಿಲು ತೆಗಿತಿದ್ರಿ, ಗಾಳಿ ಬರ್ತಿತ್ತು, ಮತ್ತೆ ಉರಿತಿತ್ತು. ನಾಲ್ಕು ದಿನದಿಂದ ಈ ಮನೆಯವರನ್ನ ಕಾದಿರೋದು ಅದೇ." ಅವರ ಕಣ್ಣು ನನ್ನ ಕೈಗೆ ಬಿತ್ತು. "ಈ ಪ್ಲೇಯರ್ ಯಾತಕ್ಕೆ ಸಾರ್? ಆಗ್ಲೇ ಯಾವುದೋ ವೈರ್ ಅಂದ್ರಿ?"

"ಸೆನ್ಸರಿನ ವೈರ್..."

ದಸ್ತಗೀರ್ ಸಾಬರು ಎದ್ದು ಬಂದು ಪ್ಲೇಯರನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಮ್ಮ ಪೆಟ್ಟಿಗೆಯಲ್ಲಿ ಹಾಕಿಕೊಂಡರು. "ಗಾಳಿ ಕಮ್ಮಿ ಆದದ್ದು ತಿಳ್ಕಳೋದೇ ಆ ಸೆನ್ಸರು ಸಾರ್. ಈ ಪ್ಲೇಯರ್ ಸ್ವಲ್ಪ ದಿನ ನನ್ನತ್ರನೇ ಇರ್ಲಿ" ಎಂದರು.

ಆಗ ಅತ್ತೆ ಮುಂದೆ ಬಂದರು. ಗಿರಿಜಾಳ ಕಡೆ ತಿರುಗಲಿಲ್ಲ. ನೇರ ನನ್ನ ಮುಖ ನೋಡಿದರು.

"ಏನ್ರೀ ಅಳಿಯಂದಿರೇ! ಗಾಳಿ ಬರಬಾರ್ದು ಅಂದೆ. ಜೀವ ಹೋಗ್ಲಿ ಅಂದಿದ್ನೇನು?"

ಇಪ್ಪತ್ತೇಳು ವರ್ಷದಲ್ಲಿ ಅವರು ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು! ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೇಳಿದರು, "ಅವರನ್ನೇ ಯಾಕೆ ಅನ್ಲಿ, ತಪ್ಪು ನಂದೂ ಐತೆ. ಆಗೆಲ್ಲಾ ಒಲೆ ಬಾಯಿ ಹೊರಗಡೆ ಇರ್ತಿತ್ತು. ಉರಿ ಹೊರಗೆ, ನೀರು ಒಳಗೆ. ಕಿಟಕಿ ಮುಚ್ಚಿದ್ರೂ ನಡಿತಿತ್ತು. 'ಈ ಡಬ್ಬಿ ಉರಿ ಎಲ್ಲೈತೆ' ಅಂತ ನಾನು ನೋಡ್ಲೇ ಇಲ್ಲ."

ನಾನು ರೂಮಿಗೆ ಹೋದೆ. ಸುಮಾ ಮಲಗಿದ್ದಳು. ಪಕ್ಕದಲ್ಲಿ ಕೂಸು, ಮುಷ್ಟಿ ಬಿಗಿ ಹಿಡಿದು ನಿದ್ದೆ ಮಾಡುತ್ತಿತ್ತು. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಬೆಚ್ಚಗೆ ಉಸಿರು ತಾಗಿತು. ಮತ್ತೆ ನೋಡಿದೆ. ಹಾಗೇ ಮಂಚದ ಅಂಚಿಗೆ ಕೂತುಬಿಟ್ಟೆ. ಗಿರಿಜಾ ಕಾಫಿಯ ನೆಪದಲ್ಲಿ ನನ್ನನ್ನು ಅರ್ಧ ಗಂಟೆ ತಡೆಯದೇ ಹೋಗಿದ್ದರೆ? ಆ ಎರಡು ವೈರನ್ನು ನಾನೇ ಕೈಯಾರೆ ಕೂಡಿಸಿ, ನಾನೇ ಬಾಗಿಲು ಹಾಕಿ, ಹೊರಗೆ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದೆ. ಅಳು ಬಂತು. ಸುಮಾ ಕಣ್ಣು ಬಿಟ್ಟು, "ಏನಾತು ಅಪ್ಪಾಜಿ?" ಎಂದಳು. "ಏನಿಲ್ಲ, ಗೀಜರ್ ಸರಿಯಾಯಿತು" ಎಂದೆ.

ಆಟೊ ತರಿಸಿ ಎಲ್ಲರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ತಾಯಿ, ಮಗು, ಅತ್ತೆ ಮೂವರನ್ನೂ ಪರೀಕ್ಷಿಸಿದರು. ಹೆದರುವಂಥದ್ದು ಏನೂ ಇಲ್ಲ, ಸಮಯಕ್ಕೆ ಗೊತ್ತಾಯಿತು ಎಂದರು. "ಯಾರು ಮುಚ್ಚಿದ್ದು?" ಎಂದು ಅವರೂ ಕೇಳಿದರು. ಈ ಸಲ ನಾನು "ನಾನೇ" ಎನ್ನಲು ಮುಂದೆ ಬೀಳಲಿಲ್ಲ. ಅತ್ತೆ ನನ್ನ ಪರವಾಗಿ ಬೆರಳು ತೋರಿಸಿದರು.

ವಾಪಸ್ ಬಂದಾಗ ದಸ್ತಗೀರ್ ಸಾಬರು ಗೀಜರನ್ನು ಬಿಚ್ಚಿ ಜಗಲಿಯ ಮೇಲೆ ಹರಡಿಕೊಂಡಿದ್ದರು.

"ಇದರ ಜೊತೆ ಪುಸ್ತಕ ಕೊಟ್ಟಿರ್ತಾರಲ್ಲ ಸಾರ್, ಐತಾ?"

ಆ ದಿನ ನನ್ನಿಂದ ಆದ ಒಂದೇ ಘನಕಾರ್ಯ ಇದು. ಅರ್ಧ ನಿಮಿಷದಲ್ಲಿ ಕಡತ ತಂದು ಕೈಗಿತ್ತೆ. ಹಾಳೆ ಮಡಿಸಿರಲಿಲ್ಲ, ಧೂಳು ಕೂತಿರಲಿಲ್ಲ. ಅವರು ಮೊದಲ ಪುಟ ತೆರೆದು ನನ್ನ ಕಡೆ ತಿರುಗಿಸಿದರು. ಮೊದಲ ಸೂಚನೆ, ದಪ್ಪ ಅಕ್ಷರದಲ್ಲಿ: ಬಚ್ಚಲಿನ ಕಿಟಕಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಎರಡನೆಯ ಸೂಚನೆ: ಗೀಜರ್ ಅನ್ನು ತಾವಾಗಿಯೇ ಬಿಚ್ಚಬಾರದು. ಮೂರನೆಯದನ್ನು ನಾನು ಓದಲಿಲ್ಲ. ಅದನ್ನೂ ಮುರಿದಿರುತ್ತೇನೆ ಎಂಬ ಭರವಸೆ ನನಗಿತ್ತು.

ಸಾಬರು ಮಸಿ ಒರೆಸಿದರು. ಜಾಲರಿ ತೊಳೆದರು. ನೆಂದು ಹೋಗಿದ್ದ ಕಡೆ ಒಣಗಿಸಿದರು. ಸಿಲಿಂಡರಿನ ರಬ್ಬರ್ ಪೈಪನ್ನು ಹೊಸದಾಗಿ ಹಾಕಿ, ಜೋಡಣೆ ಇರುವ ಕಡೆಗೆಲ್ಲಾ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿದರು. ನಾನು ಸಿಲಿಂಡರ್ ಬದಲಿಸಿದ ಕಡೆ ಗುಳ್ಳೆ ಎದ್ದಿತು! ಅದನ್ನೂ ಸರಿ ಮಾಡಿದರು. ಗೀಜರಿನ ಸರ್ವಿಸಿಗೆ ಅವರಿಗೆ ಹಿಡಿದದ್ದು ಮುಕ್ಕಾಲು ಗಂಟೆ. ನನ್ನ ಸರ್ವಿಸನ್ನು ಸರಿಪಡಿಸಲು ಎರಡು ಗಂಟೆ. ಆಮೇಲೆ ಅದನ್ನು ಹಿತ್ತಲ ಗೋಡೆಗೆ, ಸೂರಿನ ಕೆಳಗೆ ಹಾಕಿದರು. ಪೈಪ್ ಮಾತ್ರ ಒಳಗೆ ಬಂತು. ನೆಂಟರಿಗೆ ಈಗ ಕಾಣುವುದಿಲ್ಲ. ನೋಡಬೇಕೆಂದು ಯಾವ ನೆಂಟರೂ ಇದುವರೆಗೆ ಕೇಳಿಲ್ಲ.

"ಬಾಣಂತಿಗೆ ಗಾಳಿ ತಾಗಬಾರ್ದು ಅಂದ್ರೆ ಹಿಂಗ್ ಮಾಡ್ರಿ ಅಮ್ಮಾರೇ" ಎಂದು ಅತ್ತೆಗೆ ಉಪಾಯವನ್ನೂ ಅವರೇ ಹೇಳಿಕೊಟ್ಟರು. "ಮೊದ್ಲು ಹಂಡೆ ತುಂಬ ಬಿಸಿನೀರು ಹಿಡ್ಕಳ್ರಿ. ಗೀಜರ್ ಬಂದ್ ಮಾಡ್ರಿ, ಸಿಲಿಂಡರೂ ಬಂದ್ ಮಾಡ್ರಿ. ಆಮೇಲೆ ನೀರು ಹಾಕೋವಷ್ಟು ಹೊತ್ತು ಕಿಟಕಿಗೆ ಪರದೆ ಎಳ್ಕಳ್ರಿ. ನಿಮ್ಮ ಶಾಸ್ತ್ರನೂ ಆತು, ಜೀವನೂ ಉಳಿತು."

ಹಂಡೆ ಒಳಗೆ ಬಂತು. ಗಿರಿಜಾ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದಳು. ಅತ್ತೆಯ ತಲೆಸುತ್ತು, ಸುಮಾಳ ತಲೆನೋವು ಎರಡೂ ಹೋದವು. ಬೀದಿಯವರೆಲ್ಲರೂ ದೃಷ್ಟಿ ಹಾಕಿದ ಆರೋಪದಿಂದ ಬಿಡುಗಡೆಯಾದರು.

ಈಗ ದಿನಾ ಬೆಳಿಗ್ಗೆ ಗೀಜರ್ ಹಚ್ಚುವ ಮೊದಲು ಒಳಗೊಂದು ವಿಚಾರಣೆ ನಡೆಯುತ್ತದೆ. ಅತ್ತೆ ಕೇಳುತ್ತಾರೆ, ಗಿರಿಜಾ ಉತ್ತರ ಕೊಡುತ್ತಾಳೆ.

"ಕಿಟಕಿ ತೆಗೆದೈತೇನೆ?"

"ತೆಗೆದೈತೆ."

"ಉರಿ ನೀಲಿ ಬರ್ತೈತಾ, ನೋಡ್ಕಂತೀಯಾ?"

"ನೋಡ್ಕಂತೀನಿ."

"ಅಳಿಯಂದಿರು ಎಲ್ಲವ್ರೆ?"

"ಮುಂದಿನ ಜಗಲಿ ಮ್ಯಾಲೆ. ಪೇಪರ್ ಓದ್ತಾವ್ರೆ."

"ಹಂಗಾದ್ರೆ ಹಚ್ಚು."

ಸ್ವಲ್ಪ ಹೊತ್ತಿಗೆ ಕೂಸು ನೀರು ಬಿದ್ದ ಕೂಡಲೇ ಮನೆ ಹಾರಿಹೋಗುವ ಹಾಗೆ ಅಳುವುದು ಕೇಳಿಸುತ್ತದೆ. ಆ ಅಳು ಕೇಳಿದ ಮೇಲೆಯೇ ನನಗೆ ಉಸಿರು ಸರಾಗ. ಅದುವರೆಗೆ ನಾನು ಪೇಪರಿನ ಹಾಳೆಗಳನ್ನು ಆದಷ್ಟು ಜೋರಾಗಿ ಸದ್ದು ಮಾಡುತ್ತಾ ತಿರುವಿ ಹಾಕುತ್ತಿರುತ್ತೇನೆ. ನಾನಿನ್ನೂ ಜಗಲಿಯ ಮೇಲೆಯೇ ಇದ್ದೇನೆಂದು ಒಳಗಿನವರಿಗೆ ಖಾತ್ರಿಯಾಗಬೇಕಲ್ಲ!